ಬ್ರೇಕ್‌ಪಾಯಿಂಟ್ ದಾಟಿದ ಕೂಡಲೇ ಪ್ರೋಗ್ರಾಮ್ ಕುಸಿಯುವುದೇಕೆ? ಪಿಟ್ರೇಸ್ ಒಳಗಿನ ಲೆಕ್ಕಾಚಾರ

ಪ್ರಶ್ನೆ: ಉಬುಂಟು ಲಿನಕ್ಸ್‌ನಲ್ಲಿ (ಎಕ್ಸ್86-64) ಪಿಟ್ರೇಸ್ (ಒಂದು ಪ್ರೊಸೆಸ್ ಇನ್ನೊಂದನ್ನು ನಿಲ್ಲಿಸಿ ಪರೀಕ್ಷಿಸಲು ಕರ್ನಲ್ ಕೊಡುವ ಸಿಸ್ಟಮ್ ಕಾಲ್) ಬಳಸಿ ಸಿ ಭಾಷೆಯಲ್ಲಿ ಒಂದು ಸಣ್ಣ ಡಿಬಗ್ಗರ್ ಬರೆಯುತ್ತಿದ್ದೇನೆ. ಫಂಕ್ಷನ್ನಿನ ಮೊದಲ ವಿಳಾಸದಲ್ಲಿ ಬ್ರೇಕ್‌ಪಾಯಿಂಟ್ ಇಟ್ಟರೆ ಪ್ರೋಗ್ರಾಮ್ ನಿಲ್ಲುತ್ತದೆ, ಬಿಟ್ಟರೆ ಸರಿಯಾಗಿ ಮುಂದುವರಿಯುತ್ತದೆ. ಅದೇ ಕೋಡ್ ಬಳಸಿ ಫಂಕ್ಷನ್ನಿನ ನಡುವೆ ಇಟ್ಟರೆ, ಒಮ್ಮೆ ನಿಂತು, ಮುಂದೆ ಬಿಟ್ಟ ಕೂಡಲೇ ಸೆಗ್ಮೆಂಟೇಶನ್ ಫಾಲ್ಟ್. ಆಗಲೇ ಓಡುತ್ತಿರುವ ಪ್ರೊಸೆಸ್‌ಗೆ ಅಟ್ಯಾಚ್ ಮಾಡಲು ಹೋದರೆ, ಅದು ನನ್ನದೇ ಪ್ರೊಸೆಸ್ ಆಗಿದ್ದರೂ ಅನುಮತಿ ಇಲ್ಲ ಎನ್ನುತ್ತದೆ. ಸುಡೋ ಹಾಕಿ ಅಟ್ಯಾಚ್ ಮಾಡಿದರೆ ಆ ಪ್ರೋಗ್ರಾಮಿನ ಟೈಮರ್‌ಗಳು ಕೆಲಸ ಮಾಡುವುದಿಲ್ಲ. ಇನ್ನು ಪ್ರೋಗ್ರಾಮ್ ಮಾಡುವ ಸಿಸ್ಟಮ್ ಕಾಲ್‌ಗಳನ್ನು ತೋರಿಸುವ ಎಸ್‌ಟ್ರೇಸ್ ಹಾಕಿದರಂತೂ ನಮ್ಮ ಸರ್ವರ್ ತೆವಳತೊಡಗುತ್ತದೆ. ಕರ್ನಲ್ ಒಳಗೆ ಏನು ನಡೆಯುತ್ತಿದೆ?

ಉತ್ತರ: ಅನುಮತಿಯ ವಿಚಾರ ಬೇರೆ, ಅದಕ್ಕೆ ಆಮೇಲೆ ಬರೋಣ. ಉಳಿದ ಮೂರಕ್ಕೂ ಬೇರು ಒಂದೇ. ಪಿಟ್ರೇಸ್‌ನಲ್ಲಿ ಎಲ್ಲ ಕೆಲಸವೂ ನಡೆಯುವುದು ಗುರಿ ಪ್ರೊಸೆಸ್ (ನೀವು ಡಿಬಗ್ ಮಾಡುತ್ತಿರುವುದು) ನಿಂತಾಗ. ಆದರೆ ಎಲ್ಲ ನಿಲುಗಡೆಗಳೂ ಒಂದೇ ಬಗೆಯವಲ್ಲ. ನಿಮ್ಮ ಡಿಬಗ್ಗರ್ "ನಿಂತಿತೇ?" ಎಂದಷ್ಟೇ ಕೇಳುತ್ತಿದೆ, "ಯಾಕೆ ನಿಂತಿತು?" ಎಂದು ಕೇಳುತ್ತಿಲ್ಲ.

ಮೊದಲು ಕರ್ನಲ್ ಕಡೆಯಿಂದ ನೋಡಿ. ಟ್ರೇಸ್ ಆಗುತ್ತಿರುವ ಥ್ರೆಡ್‌ಗೆ ಸಿಗ್ನಲ್ ಬಂದಾಗ, ಅಥವಾ ನೀವು ಕೇಳಿಕೊಂಡಿದ್ದರೆ ಅದು ಸಿಸ್ಟಮ್ ಕಾಲ್ ಹೊಕ್ಕಾಗ, ಫೋರ್ಕ್ ಮಾಡಿದಾಗ, ಎಕ್ಸೆಕ್ ಮಾಡಿದಾಗ, ಆ ಥ್ರೆಡ್ ಕರ್ನಲ್ ಒಳಗೆ ತಾನಾಗಿಯೇ ಮಲಗುತ್ತದೆ. ಪಿಎಸ್ ಪಟ್ಟಿಯಲ್ಲಿ ಅದರ ಸ್ಥಿತಿ ಸಣ್ಣಕ್ಷರದ "ಟಿ" ಎಂದು ಕಾಣುತ್ತದೆ. ಕಂಟ್ರೋಲ್-ಝಡ್ ಒತ್ತಿ ನಿಲ್ಲಿಸಿದ್ದಾದರೆ ಅದು ದೊಡ್ಡಕ್ಷರದ "ಟಿ". ಮಲಗುವ ಮುನ್ನ ಥ್ರೆಡ್ ಡಿಬಗ್ಗರ್ ಅನ್ನು ಎಬ್ಬಿಸುತ್ತದೆ, ಅದು ನಿಲ್ಲುವುದನ್ನೇ ಕಾಯುತ್ತಿದ್ದ ನಿಮ್ಮ ವೇಟ್‌ಪಿಐಡಿ ಕರೆ ಹಿಂದಿರುಗುತ್ತದೆ. ಅಲ್ಲಿಂದ ನೀವು ಮತ್ತೆ ಬಿಡುವವರೆಗೆ ಮಾತ್ರ ಅದರ ರಿಜಿಸ್ಟರ್‌ಗಳನ್ನೂ ಮೆಮೊರಿಯನ್ನೂ ಮುಟ್ಟಬಹುದು. ಓಡುತ್ತಿರುವಾಗ ಕೇಳಿದರೆ ಪಿಟ್ರೇಸ್ ಕೊಡುವ ಉತ್ತರ ಇಎಸ್‌ಆರ್‌ಸಿಎಚ್, ಅಂದರೆ "ಅಂಥ ಪ್ರೊಸೆಸ್ ಇಲ್ಲ". ಈ ದೋಷ ಬಹಳ ಜನರ ದಾರಿ ತಪ್ಪಿಸುತ್ತದೆ. ಪ್ರೊಸೆಸ್ ಇದ್ದೇ ಇರುತ್ತದೆ, ನಿಂತಿರುವುದಿಲ್ಲ, ಅಷ್ಟೆ. ಇನ್ನೊಂದು ಸಂದರ್ಭದಲ್ಲೂ ಇದೇ ದೋಷ ಬರುತ್ತದೆ: ಕರ್ನಲ್ ದೃಷ್ಟಿಯಲ್ಲಿ ಟ್ರೇಸರ್ ಎಂದರೆ ನಿಮ್ಮ ಪ್ರೊಸೆಸ್ ಅಲ್ಲ, ಅಟ್ಯಾಚ್ ಮಾಡಿದ ಆ ಒಂದು ಥ್ರೆಡ್. ಮುಂದೆ ನಿಮ್ಮ ಡಿಬಗ್ಗರ್‌ಗೆ ವಿಂಡೋ, ಬಟನ್ ಎಲ್ಲ ಸೇರಿಸಿ, ಬಟನ್ ಒತ್ತಿದಾಗ ಬೇರೆ ಥ್ರೆಡ್‌ನಿಂದ ಪಿಟ್ರೇಸ್ ಕರೆದರೆ ಅದು ಕೆಲಸ ಮಾಡುವುದಿಲ್ಲ. ಪಿಟ್ರೇಸ್ ಕರೆಗಳೆಲ್ಲ ಒಂದೇ ಥ್ರೆಡ್‌ನಲ್ಲಿರಲಿ, ಉಳಿದವು ಅದಕ್ಕೆ ಸಂದೇಶ ಕಳಿಸಲಿ.

ಈಗ ಬ್ರೇಕ್‌ಪಾಯಿಂಟ್. ಎಕ್ಸ್86ರಲ್ಲಿ ಅದು ಒಂದೇ ಬೈಟಿನ ಸೂಚನೆ, ಹೆಕ್ಸ್‌ನಲ್ಲಿ "ಸಿಸಿ". ಗುರಿಯ ಮೆಮೊರಿಗೆ ಬರೆಯುವ ಪಿಟ್ರೇಸ್ ಕೋರಿಕೆ ಪೋಕ್‌ಟೆಕ್ಸ್ಟ್ ಒಮ್ಮೆಗೆ 8 ಬೈಟ್ ಬರೆಯುವುದರಿಂದ, ಮೊದಲು ಪೀಕ್‌ಟೆಕ್ಸ್ಟ್‌ನಿಂದ 8 ಬೈಟ್ ಓದಿ, ಅತಿ ಕೆಳಗಿನ ಒಂದು ಬೈಟ್ ಮಾತ್ರ ಬದಲಿಸಿ, ಮತ್ತೆ ಬರೆಯಬೇಕು. ನಿಮ್ಮ ಪ್ರೋಗ್ರಾಮ್ ಒಂದು ಕಡೆಯಾದರೂ ಸರಿಯಾಗಿ ಮುಂದುವರಿಯುತ್ತಿದೆ ಎಂದರೆ ಇದನ್ನು ನೀವು ಸರಿಯಾಗಿಯೇ ಮಾಡಿದ್ದೀರಿ, ವಿಳಾಸದ ಲೆಕ್ಕವೂ ಸರಿಯಿದೆ. ಒಂದು ಎಚ್ಚರಿಕೆ: ಪೀಕ್ ಓದಿದ ಮೌಲ್ಯವನ್ನೇ ಹಿಂದಿರುಗಿಸುತ್ತದೆ, ಆ ಮೌಲ್ಯ -1 ಕೂಡ ಆಗಿರಬಹುದು. ಆದ್ದರಿಂದ ಕರೆಯುವ ಮುಂಚೆ ದೋಷದ ಸಂಖ್ಯೆ ಹಿಡಿದಿಡುವ ಎರ್‌ನೋ ಅನ್ನು 0 ಮಾಡಿ, ಆಮೇಲೆ ಎರ್‌ನೋ ನೋಡಿಯೇ ದೋಷವಾಯಿತೇ ಎಂದು ತೀರ್ಮಾನಿಸಿ.

ಕೋಡ್ ಇರುವ ಪುಟಕ್ಕೆ ಬರೆಯುವ ಅನುಮತಿಯೇ ಇಲ್ಲದಿರುವಾಗ ಇದು ಹೇಗೆ ಸಾಧ್ಯ? ಪಿಟ್ರೇಸ್ ದಾರಿಯಲ್ಲಿ ಬಂದ ಬರಹಕ್ಕೆ ಕರ್ನಲ್ ಆ ತಡೆಯನ್ನು ಬದಿಗಿಟ್ಟು, ಪುಟದ ಖಾಸಗಿ ಪ್ರತಿಯೊಂದನ್ನು ಗುರಿ ಪ್ರೊಸೆಸ್‌ಗೆ ಮಾಡಿಕೊಟ್ಟು, ಅದರಲ್ಲಿ ಬರೆಯುತ್ತದೆ. ಡಿಸ್ಕ್‌ನಲ್ಲಿರುವ ಫೈಲ್ ಹಾಗೆಯೇ ಇರುತ್ತದೆ. ಅದೇ ಲೈಬ್ರರಿಯನ್ನು ಬಳಸುತ್ತಿರುವ ಬೇರೆ ಪ್ರೊಸೆಸ್‌ಗಳಿಗೂ ಏನೂ ಆಗುವುದಿಲ್ಲ.

"ಸಿಸಿ" ನಡೆದ ಕೂಡಲೇ ಸಿಪಿಯು ಟ್ರ್ಯಾಪ್ ಎಬ್ಬಿಸುತ್ತದೆ, ಕರ್ನಲ್ ಸಿಗ್‌ಟ್ರ್ಯಾಪ್ (5) ಕಳಿಸುತ್ತದೆ, ಗುರಿ ನಿಲ್ಲುತ್ತದೆ. ಆ ಹೊತ್ತಿಗೆ ಮುಂದಿನ ಸೂಚನೆಯ ವಿಳಾಸ ಹಿಡಿದಿರುವ ಆರ್‌ಐಪಿ ರಿಜಿಸ್ಟರ್ ಬ್ರೇಕ್‌ಪಾಯಿಂಟ್ ವಿಳಾಸದಲ್ಲಿರುವುದಿಲ್ಲ, ಒಂದು ಬೈಟ್ ಮುಂದಿರುತ್ತದೆ. ಕರ್ನಲ್ ಅದನ್ನು ಹಿಂದಕ್ಕೆ ಸರಿಸಿಕೊಡುವುದಿಲ್ಲ, ಅದು ಡಿಬಗ್ಗರ್‌ನ ಹೊಣೆ. ನೀವು ಅದನ್ನು ಮಾಡದೆ, ಮೂಲ ಬೈಟನ್ನೂ ಹಿಂತಿರುಗಿಸದೆ, ನೇರವಾಗಿ ಕಂಟಿನ್ಯೂ ಎನ್ನುತ್ತಿದ್ದೀರಿ ಎಂದು ಲಕ್ಷಣವೇ ಹೇಳುತ್ತದೆ.

ಹಾಗಾದರೆ ಫಂಕ್ಷನ್ನಿನ ಮೊದಲಿಗೆ ಇಟ್ಟಾಗ ಹೇಗೆ ನಡೆಯಿತು? ಉಬುಂಟುವಿನ ಜಿಸಿಸಿ ತಾನಾಗಿಯೇ ಫಂಕ್ಷನ್ನಿನ ಆರಂಭದಲ್ಲಿ ಎಂಡ್‌ಬಿಆರ್64 ಎಂಬ 4 ಬೈಟಿನ ಸೂಚನೆ ಇಡುತ್ತದೆ: "ಎಫ್3 0ಎಫ್ 1ಇ ಎಫ್ಎ". ನೀವು ಮೊದಲ "ಎಫ್3" ಜಾಗದಲ್ಲಿ "ಸಿಸಿ" ಇಟ್ಟಿರಿ. ಅದು ನಡೆದ ಮೇಲೆ ಸಿಪಿಯುಗೆ ಉಳಿದದ್ದು "0ಎಫ್ 1ಇ ಎಫ್ಎ". ಆ ಮೂರು ಬೈಟ್ ಸೇರಿದರೆ ಏನೂ ಮಾಡದ ನೋಪ್ ಸೂಚನೆಯಾಗುತ್ತದೆ. ಆಕಸ್ಮಿಕವಾಗಿ ನೀವು ಪಾರಾದಿರಿ.

ನಡುವಿನಲ್ಲಿ ಆ ಅದೃಷ್ಟ ಇಲ್ಲ. ಆಪ್ಟಿಮೈಸ್ ಮಾಡದ ಕೋಡಿನಲ್ಲಿ ಎಲ್ಲೆಲ್ಲೂ ಸಿಗುವ ಸೂಚನೆ, ಸ್ಟ್ಯಾಕ್‌ನಲ್ಲಿ ಆರ್‌ಬಿಪಿ ರಿಜಿಸ್ಟರ್ ತೋರುವ ಜಾಗದಿಂದ 20 ಬೈಟ್ ಕೆಳಗಿರುವ ಇಂಟ್ ಮೌಲ್ಯವನ್ನು ಇಎಎಕ್ಸ್ ರಿಜಿಸ್ಟರ್‌ಗೆ ತರುವುದು: "8ಬಿ 45 ಇಸಿ". "8ಬಿ" ಹೋಗಿ "ಸಿಸಿ" ಬಂತು, ಅದು ನಡೆಯಿತು, ಮುಂದಿನದು "45 ಇಸಿ". "45" ಈಗ ಒಂದು ಪೂರ್ವಪ್ರತ್ಯಯ, "ಇಸಿ" ಎಂದರೆ ಹಾರ್ಡ್‌ವೇರ್ ಪೋರ್ಟ್‌ನಿಂದ ಒಂದು ಬೈಟ್ ಓದುವ ಸೂಚನೆ. ಸಾಮಾನ್ಯ ಪ್ರೋಗ್ರಾಮ್‌ಗೆ ಅದಕ್ಕೆ ಅಧಿಕಾರವಿಲ್ಲ. ಸಿಪಿಯು ಜನರಲ್ ಪ್ರೊಟೆಕ್ಷನ್ ದೋಷ ಎಬ್ಬಿಸುತ್ತದೆ, ಕರ್ನಲ್ ಅದನ್ನು ಸಿಗ್‌ಸೆಗ್ವ್ ಆಗಿ ತಲುಪಿಸುತ್ತದೆ. ಮೆಮೊರಿ ತಪ್ಪೇ ಇಲ್ಲದೆ ಸೆಗ್ಮೆಂಟೇಶನ್ ಫಾಲ್ಟ್ ಬರುವುದು ಹೀಗೆ. ಸಿಗ್ನಲ್‌ನ ವಿವರ ಕೊಡುವ ಗೆಟ್‌ಸಿಗ್‌ಇನ್ಫೋ ಕೇಳಿ ನೋಡಿದರೆ ಗುರುತು ಸಿಗುತ್ತದೆ: ದೋಷದ ವಿಳಾಸ 0, ಸಿಗ್ನಲ್ ಕೋಡ್ 128.

ಇದಕ್ಕಿಂತ ಕೆಟ್ಟ ಸಂದರ್ಭವೂ ಇದೆ. ಆರ್‌ಬಿಪಿಯನ್ನು ಸ್ಟ್ಯಾಕ್‌ಗೆ ತಳ್ಳುವ ಪುಶ್ ಸೂಚನೆ ಒಂದೇ ಬೈಟ್, "55". ಅದರ ಮೇಲೆ "ಸಿಸಿ" ಇಟ್ಟು ಹಾಗೇ ಬಿಟ್ಟರೆ ಆ ಪುಶ್ ನಡೆಯುವುದೇ ಇಲ್ಲ. ಫಂಕ್ಷನ್ ಮುಗಿಯುವಾಗ ಪಾಪ್ ಸೂಚನೆ ಹಿಂದಿರುಗುವ ವಿಳಾಸವನ್ನೇ ಆರ್‌ಬಿಪಿಗೆ ಎತ್ತಿಕೊಳ್ಳುತ್ತದೆ, ರಿಟ್ ಸೂಚನೆ ಸ್ಟ್ಯಾಕ್‌ನಲ್ಲಿ ಅದರ ಮೇಲಿದ್ದ ಯಾವುದೋ ಮೌಲ್ಯಕ್ಕೆ ಜಿಗಿಯುತ್ತದೆ. ತಪ್ಪಾದದ್ದು ಒಂದು ಕಡೆ, ಕುಸಿದದ್ದು ಇನ್ನೊಂದು ಕಡೆ. ಗಂಟೆಗಟ್ಟಲೆ ಹುಡುಕಿಸುವ ದೋಷ ಇದು.

ಸರಿಯಾದ ಕ್ರಮ ಹೀಗೆ. ಸಿಗ್‌ಟ್ರ್ಯಾಪ್ ಬಂದಾಗ ಗೆಟ್‌ರೆಗ್ಸ್‌ನಿಂದ ರಿಜಿಸ್ಟರ್ ಓದಿ, ಆರ್‌ಐಪಿಯಿಂದ 1 ಕಳೆದು ಬಂದ ವಿಳಾಸ ನಿಮ್ಮ ಬ್ರೇಕ್‌ಪಾಯಿಂಟ್ ಪಟ್ಟಿಯಲ್ಲಿದೆಯೇ ನೋಡಿ. ಇದ್ದರೆ ಸೆಟ್‌ರೆಗ್ಸ್‌ನಿಂದ ಆರ್‌ಐಪಿಗೆ ಆ ವಿಳಾಸವನ್ನೇ ಬರೆಯಿರಿ. ಬಳಕೆದಾರ ಮುಂದುವರಿ ಎಂದಾಗ ಮೂಲ ಬೈಟ್ ಹಿಂತಿರುಗಿಸಿ, ಸಿಂಗಲ್‌ಸ್ಟೆಪ್ ಕೊಡಿ, ವೇಟ್‌ಪಿಐಡಿಯಲ್ಲಿ ಕಾಯಿರಿ, ಒಂದು ಸೂಚನೆ ನಡೆದು ನಿಂತ ಮೇಲೆ "ಸಿಸಿ" ಮತ್ತೆ ಇಡಿ, ಆಮೇಲೆ ಕಂಟಿನ್ಯೂ. ಆ ನಡುವಿನ ವೇಟ್‌ಪಿಐಡಿ ಬಿಟ್ಟುಬಿಡುವುದು ಸಾಮಾನ್ಯ ತಪ್ಪು. ಬಿಟ್ಟರೆ "ಸಿಸಿ" ಬರೆಯುವ ಕರೆಗೆ ಮೇಲೆ ಹೇಳಿದ ಇಎಸ್‌ಆರ್‌ಸಿಎಚ್ ಬರುತ್ತದೆ, ಬ್ರೇಕ್‌ಪಾಯಿಂಟ್ ಒಂದೇ ಸಲ ಕೆಲಸ ಮಾಡಿ ಮಾಯವಾಗುತ್ತದೆ. ಸಿಂಗಲ್‌ಸ್ಟೆಪ್ ಒಳಗೆ ಕರ್ನಲ್ ಮಾಡುವುದು ಇಷ್ಟು: ಫ್ಲ್ಯಾಗ್ಸ್ ರಿಜಿಸ್ಟರ್‌ನ 8ನೇ ಬಿಟ್, ಟ್ರ್ಯಾಪ್ ಫ್ಲ್ಯಾಗ್, ಎತ್ತಿ ಗುರಿಯನ್ನು ಬಿಡುತ್ತದೆ. ಒಂದು ಸೂಚನೆ ಮುಗಿದ ಕೂಡಲೇ ಸಿಪಿಯುವೇ ಟ್ರ್ಯಾಪ್ ಕೊಡುತ್ತದೆ. ಆಗ ಬರುವ ಸಿಗ್‌ಟ್ರ್ಯಾಪ್‌ನ ಕೋಡ್ 2, "ಸಿಸಿ"ಯಿಂದ ಬಂದದ್ದರ ಕೋಡ್ 128. ಎರಡನ್ನೂ ಬೇರೆ ಮಾಡಲು ಇದನ್ನೇ ನೋಡಿ, ಊಹೆ ಬೇಡ.

ಗುರಿಯಲ್ಲಿ ಹಲವು ಥ್ರೆಡ್ ಇದ್ದರೆ ಈ ಕ್ರಮದಲ್ಲೂ ಒಂದು ಕಿಂಡಿ ಉಳಿಯುತ್ತದೆ. ಮೂಲ ಬೈಟ್ ಹಿಂದಿರುಗಿಸಿದ ಆ ಕ್ಷಣದಲ್ಲಿ ಬೇರೊಂದು ಥ್ರೆಡ್ ಅದೇ ಜಾಗ ದಾಟಿ ಹೋಗಬಹುದು, ಬ್ರೇಕ್‌ಪಾಯಿಂಟ್ ಅದನ್ನು ಹಿಡಿಯುವುದಿಲ್ಲ. ಹೆಜ್ಜೆ ಇಡುವಾಗ ಉಳಿದ ಥ್ರೆಡ್‌ಗಳನ್ನೆಲ್ಲ ನಿಲ್ಲಿಸಿಡುವುದು ಸರಳ ದಾರಿ. ಮೂಲ ಸೂಚನೆಯನ್ನು ಬೇರೆ ಜಾಗಕ್ಕೆ ನಕಲು ಮಾಡಿ ಅಲ್ಲಿ ನಡೆಸುವುದು ಇನ್ನೊಂದು ದಾರಿ, ಜಿಡಿಬಿ ಡಿಬಗ್ಗರ್‌ಗೆ ಅದು ಗೊತ್ತು. ಆದರೆ ಆರ್‌ಐಪಿಗೆ ಸಾಪೇಕ್ಷವಾದ ವಿಳಾಸಗಳನ್ನು ತಿದ್ದಬೇಕಾಗುವುದರಿಂದ ಮೊದಲ ಆವೃತ್ತಿಯಲ್ಲಿ ಅದಕ್ಕೆ ಕೈ ಹಾಕಬೇಡಿ. ಅಂದ ಹಾಗೆ, ಪಿಟ್ರೇಸ್ ಅಂಟಿಕೊಳ್ಳುವುದು ಒಂದೊಂದು ಥ್ರೆಡ್‌ಗೆ. ಓಡುತ್ತಿರುವ ಪ್ರೊಸೆಸ್‌ಗೆ ಅಟ್ಯಾಚ್ ಮಾಡುವಾಗ ಪ್ರಾಕ್ ಡೈರೆಕ್ಟರಿಯಲ್ಲಿ ಆ ಪಿಐಡಿಯ ಟಾಸ್ಕ್ ಪಟ್ಟಿಯನ್ನು ಓದಿ ಎಲ್ಲಕ್ಕೂ ಅಟ್ಯಾಚ್ ಮಾಡಿ. ಓದುತ್ತಿರುವಾಗಲೇ ಹೊಸ ಥ್ರೆಡ್ ಹುಟ್ಟಬಹುದು, ಆದ್ದರಿಂದ ಪಟ್ಟಿಯಲ್ಲಿ ಹೊಸದೇನೂ ಕಾಣದಾಗುವವರೆಗೆ ಮತ್ತೆ ಮತ್ತೆ ಓದಿ.

ಫೋರ್ಕ್ ಇನ್ನೊಂದು ಅಪಾಯ. ಮಗು ಪ್ರೊಸೆಸ್ ತಾಯಿಯ ಮೆಮೊರಿಯ ಜೊತೆಗೆ ನಿಮ್ಮ "ಸಿಸಿ" ಬೈಟ್‌ಗಳನ್ನೂ ಪಡೆಯುತ್ತದೆ, ಆದರೆ ಅದನ್ನು ಯಾರೂ ಟ್ರೇಸ್ ಮಾಡುತ್ತಿರುವುದಿಲ್ಲ. ಬ್ರೇಕ್‌ಪಾಯಿಂಟ್ ಮುಟ್ಟಿದ ಕೂಡಲೇ ಸಿಗ್‌ಟ್ರ್ಯಾಪ್ ಬಂದು ಅದು ಸಾಯುತ್ತದೆ. ಸೆಟ್‌ಆಪ್ಷನ್ಸ್ ಮೂಲಕ ಟ್ರೇಸ್‌ಫೋರ್ಕ್, ಟ್ರೇಸ್‌ವಿಫೋರ್ಕ್, ಟ್ರೇಸ್‌ಕ್ಲೋನ್ ಮೂರನ್ನೂ ಹಾಕಿದರೆ ಮಗು ನಿಮಗೆ ಅಂಟಿಕೊಂಡೇ ಹುಟ್ಟುತ್ತದೆ. ಅದು ಬೇಡವಾದರೆ ಅದರ ಮೆಮೊರಿಯಿಂದ "ಸಿಸಿ"ಗಳನ್ನು ತೆಗೆದು ಡಿಟ್ಯಾಚ್ ಮಾಡಿ. ಡಿಟ್ಯಾಚ್‌ಗೂ ಇದೇ ನಿಯಮ: ಗುರಿ ನಿಂತಿರಬೇಕು, ಬ್ರೇಕ್‌ಪಾಯಿಂಟ್‌ಗಳನ್ನು ತೆಗೆದಿರಬೇಕು. ನಿಮ್ಮ ಡಿಬಗ್ಗರ್ ಅರ್ಧದಲ್ಲಿ ಸತ್ತರೆ ಕರ್ನಲ್ ತಾನಾಗಿಯೇ ಗುರಿಯನ್ನು ಬಿಡುತ್ತದೆ, ಆದರೆ "ಸಿಸಿ"ಗಳು ಅಲ್ಲೇ ಇರುತ್ತವೆ. ನೀವೇ ಹುಟ್ಟಿಸಿದ ಪ್ರೊಸೆಸ್ ಆದರೆ ಎಕ್ಸಿಟ್‌ಕಿಲ್ ಆಯ್ಕೆ (ಲಿನಕ್ಸ್ 3.8ರಿಂದ ಇದೆ) ಹಾಕಿಬಿಡಿ, ಡಿಬಗ್ಗರ್ ಜೊತೆ ಅದೂ ಮುಗಿಯುತ್ತದೆ. ಓಡುತ್ತಿರುವ ಸರ್ವರ್‌ಗೆ ಅಟ್ಯಾಚ್ ಮಾಡಿದಾಗ ಅದನ್ನು ಹಾಕಲೇಬೇಡಿ.

ಟೈಮರ್‌ಗಳ ವಿಷಯಕ್ಕೆ ಬರೋಣ. ಅಲಾರ್ಮ್ ಅಥವಾ ಸೆಟ್‌ಇಟೈಮರ್ ಬಳಸುವ ಪ್ರೋಗ್ರಾಮ್‌ಗೆ ಕರ್ನಲ್ ಸಿಗ್‌ಅಲಾರ್ಮ್ (14) ಕಳಿಸುತ್ತದೆ. ಟ್ರೇಸ್ ಆಗುತ್ತಿದ್ದರೆ ಸಿಗ್‌ಕಿಲ್ ಬಿಟ್ಟು ಉಳಿದ ಯಾವ ಸಿಗ್ನಲ್ಲೂ ನೇರವಾಗಿ ಗುರಿಗೆ ಹೋಗುವುದಿಲ್ಲ, ಮೊದಲು ನಿಮ್ಮ ಕೈಗೆ ಬರುತ್ತದೆ. ತಲುಪಿಸಬೇಕೋ ಬೇಡವೋ ಎಂಬುದು ನಿಮ್ಮ ತೀರ್ಮಾನ: ಕಂಟಿನ್ಯೂ ಕರೆಯ ನಾಲ್ಕನೆಯ ಆರ್ಗ್ಯುಮೆಂಟ್‌ನಲ್ಲಿ ಸಿಗ್ನಲ್ ಸಂಖ್ಯೆ ಕೊಟ್ಟರೆ ಅದು ತಲುಪುತ್ತದೆ, 0 ಕೊಟ್ಟರೆ ಅಲ್ಲಿಗೇ ಮುಗಿಯಿತು. ನೀವು ಎಲ್ಲ ಕಡೆ 0 ಕೊಡುತ್ತಿದ್ದೀರಿ. ಟೈಮರ್ ಹೊಡೆಯುತ್ತಿದೆ, ಅದರ ಕರೆ ನಿಮ್ಮಲ್ಲೇ ಉಳಿಯುತ್ತಿದೆ.

ಬಂದದ್ದನ್ನೆಲ್ಲ ಹಾಗೇ ದಾಟಿಸುವುದೂ ತಪ್ಪು. ನಿಮ್ಮ ಬ್ರೇಕ್‌ಪಾಯಿಂಟ್, ಸಿಂಗಲ್‌ಸ್ಟೆಪ್‌ಗಳಿಂದ ಬಂದ ಸಿಗ್‌ಟ್ರ್ಯಾಪ್ ದಾಟಿಸಿದರೆ ಪ್ರೋಗ್ರಾಮ್ ಸಾಯುತ್ತದೆ. ಅಟ್ಯಾಚ್ ಮಾಡಿದಾಗ ಕರ್ನಲ್ ಕಳಿಸುವ ಸಿಗ್‌ಸ್ಟಾಪ್ (19) ದಾಟಿಸಿದರೆ ಇಡೀ ಪ್ರೊಸೆಸ್ ನಿಂತುಬಿಡುತ್ತದೆ. ತೊಡಕೇನೆಂದರೆ ಅದೇ ಹೊತ್ತಿಗೆ ಬೇರೆ ಯಾರೋ ನಿಜವಾದ ಸಿಗ್‌ಸ್ಟಾಪ್ ಕಳಿಸಿದ್ದರೆ ಯಾವುದು ಯಾರದು ಎಂದು ಬಿಡಿಸಲಾಗುವುದಿಲ್ಲ. ಈ ಕಾರಣಕ್ಕೇ ಲಿನಕ್ಸ್ 3.4ರಲ್ಲಿ, 2012ರಲ್ಲಿ, ಸೀಝ್ ಎಂಬ ಹೊಸ ಕೋರಿಕೆ ಬಂತು. ಸೀಝ್ ಯಾವ ಸಿಗ್ನಲ್ಲನ್ನೂ ಕಳಿಸದೆ ಸುಮ್ಮನೆ ಅಂಟಿಕೊಳ್ಳುತ್ತದೆ. ನಿಲ್ಲಿಸಬೇಕೆನಿಸಿದಾಗ ಇಂಟರಪ್ಟ್ ಕೊಡುತ್ತೀರಿ. ಕಂಟ್ರೋಲ್-ಝಡ್‌ನಂಥ ಗುಂಪು ನಿಲುಗಡೆ ಬಂದರೆ ಅದನ್ನು ಬೇರೆಯೇ ಘಟನೆಯಾಗಿ ತಿಳಿಸುತ್ತದೆ, ಆಗ ಲಿಸನ್ ಕೊಟ್ಟರೆ ಗುರಿ ನಿಂತೇ ಇದ್ದು ಮುಂದುವರಿಸುವ ಸಿಗ್ನಲ್ ಆದ ಸಿಗ್‌ಕಾಂಟ್‌ಗಾಗಿ ಕಾಯುತ್ತದೆ. ಹೊಸದಾಗಿ ಬರೆಯುವವರು ಅಟ್ಯಾಚ್ ಬಳಸಲು ಕಾರಣವೇ ಇಲ್ಲ, ನೇರವಾಗಿ ಸೀಝ್‌ನಿಂದ ಆರಂಭಿಸಿ. 1975ರ ಆರನೇ ಆವೃತ್ತಿಯ ಯುನಿಕ್ಸ್‌ನಲ್ಲಿ ಬಂದ ಪಿಟ್ರೇಸ್‌ಗೆ ಥ್ರೆಡ್‌ಗಳ ಕಲ್ಪನೆಯೇ ಇರಲಿಲ್ಲ. ಇಂದಿನ ಒರಟು ಮೂಲೆಗಳು ಬಹುಪಾಲು ಅಲ್ಲಿಂದ ಬಂದವು.

ಅಟ್ಯಾಚ್ ಸಮಯದ ಇನ್ನೊಂದು ಅಡ್ಡಪರಿಣಾಮ ಗೊತ್ತಿರಲಿ: ಈಪೋಲ್_ವೇಟ್ ಕರೆಯಲ್ಲಿ ಕಾಯುತ್ತಿದ್ದ ಥ್ರೆಡ್‌ಗೆ, ನಿಂತು ಮತ್ತೆ ಎದ್ದಾಗ ಇಐಎನ್‌ಟಿಆರ್ (ಕರೆ ನಡುವೆ ತುಂಡಾಯಿತು) ದೋಷ ಬರಬಹುದು. ಅದನ್ನು ನಿಭಾಯಿಸದ ಸರ್ವರ್, ಡಿಬಗ್ಗರ್ ಹಚ್ಚಿದ್ದಕ್ಕೇ ಲೂಪ್ ಬಿಟ್ಟು ಹೊರಬರುತ್ತದೆ. ತಿದ್ದಬೇಕಾದ್ದು ಸರ್ವರ್ ಕೋಡನ್ನು.

ಅನುಮತಿ. ಬಳಕೆದಾರ ಒಬ್ಬನೇ ಆದರೂ ಇಪಿಇಆರ್‌ಎಮ್ (ಅನುಮತಿ ಇಲ್ಲ) ದೋಷ ಬರಲು ಉಬುಂಟುವಿನಲ್ಲಿ ಮುಖ್ಯ ಕಾರಣ ಯಾಮಾ ಎಂಬ ಭದ್ರತಾ ಮಾಡ್ಯೂಲ್. /ಪ್ರಾಕ್/ಸಿಸ್/ಕರ್ನಲ್/ಯಾಮಾ/ಪಿಟ್ರೇಸ್_ಸ್ಕೋಪ್ ಫೈಲ್ ಓದಿ. 0 ಇದ್ದರೆ ಹಳೆಯ ನಿಯಮ, ಒಂದೇ ಬಳಕೆದಾರನಾದರೆ ಸಾಕು. 1 ಇದ್ದರೆ ನಿಮ್ಮ ಸಂತತಿಯ ಪ್ರೊಸೆಸ್‌ಗಳಿಗೆ ಮಾತ್ರ, ಅಥವಾ ಪಿಆರ್‌ಸಿಟಿಎಲ್ ಸಿಸ್ಟಮ್ ಕಾಲ್ ಮೂಲಕ ತಾವಾಗಿಯೇ ನಿಮಗೆ ಒಪ್ಪಿಗೆ ಕೊಟ್ಟವಕ್ಕೆ ಮಾತ್ರ. 2 ಇದ್ದರೆ ಸಿಸ್_ಪಿಟ್ರೇಸ್ ಸಾಮರ್ಥ್ಯ ಇರುವವರಿಗೆ ಮಾತ್ರ. 3 ಇದ್ದರೆ ಯಾರಿಗೂ ಇಲ್ಲ, ರೀಬೂಟ್ ಆಗುವವರೆಗೆ ಬದಲಿಸಲೂ ಆಗುವುದಿಲ್ಲ. ಉಬುಂಟುವಿನಲ್ಲಿ ಮೊದಲಿಂದ ಇರುವುದು 1. ಡಿಬಗ್ಗರ್ ಒಳಗಿಂದಲೇ ಹುಟ್ಟಿಸಿದ ಪ್ರೋಗ್ರಾಮ್ ಸರಿಯಾಗಿ ಸಿಗುವುದು, ಓಡುತ್ತಿರುವುದು ಸಿಗದಿರುವುದು ಇದಕ್ಕೇ. ಕೆಲಸದ ಹೊತ್ತಿಗೆ ಆ ಫೈಲ್‌ಗೆ ರೂಟ್ ಆಗಿ 0 ಬರೆಯಬಹುದು, ರೀಬೂಟ್ ಆದರೆ ಮತ್ತೆ 1 ಆಗುತ್ತದೆ. ಶಾಶ್ವತವಾಗಿ 0 ಮಾಡಿಡಬೇಡಿ. ಹಾಗಿಟ್ಟರೆ ನಿಮ್ಮ ಹೆಸರಿನಲ್ಲಿ ಓಡುವ ಯಾವ ಸ್ಕ್ರಿಪ್ಟ್ ಬೇಕಾದರೂ ಬ್ರೌಸರ್‌ನ ಮೆಮೊರಿಯಲ್ಲಿರುವ ಪಾಸ್‌ವರ್ಡ್‌ವರೆಗೆ ಕೈ ಹಾಕಬಲ್ಲದು.

ಸ್ಕೋಪ್ ಸರಿಯಿದ್ದೂ ಅನುಮತಿ ಸಿಗದಿದ್ದರೆ ಗುರಿಯ ಸ್ಟೇಟಸ್ ಫೈಲ್‌ನಲ್ಲಿ ಟ್ರೇಸರ್‌ಪಿಐಡಿ ಸಾಲು ನೋಡಿ. 0 ಅಲ್ಲದಿದ್ದರೆ ಬೇರೊಬ್ಬ ಡಿಬಗ್ಗರ್ ಅಥವಾ ಎಸ್‌ಟ್ರೇಸ್ ಆಗಲೇ ಅಂಟಿಕೊಂಡಿದೆ. ಒಂದು ಥ್ರೆಡ್‌ಗೆ ಒಬ್ಬನೇ ಟ್ರೇಸರ್. ಡಾಕರ್ ಕಂಟೇನರ್ ಒಳಗಾದರೆ, ಪಿಟ್ರೇಸ್ ಮೂಲಕ ಸೆಕ್‌ಕಾಂಪ್ (ಸಿಸ್ಟಮ್ ಕಾಲ್‌ಗಳನ್ನು ಸೋಸುವ ಕರ್ನಲ್ ವ್ಯವಸ್ಥೆ) ತಡೆಯನ್ನು ದಾಟುವ ದಾರಿ ಲಿನಕ್ಸ್ 4.8ರಲ್ಲಿ ಮುಚ್ಚಿತು. ಡಾಕರ್ 19.03ರಿಂದ ಈಚೆಗೆ, ಕರ್ನಲ್ ಅಷ್ಟು ಹೊಸದಾಗಿದ್ದರೆ, ಪಿಟ್ರೇಸ್‌ಗೆ ತಡೆಯಿಲ್ಲ. ಹಳೆಯದರಲ್ಲಿ ಕಂಟೇನರ್‌ಗೆ ಸಿಸ್_ಪಿಟ್ರೇಸ್ ಸಾಮರ್ಥ್ಯವನ್ನು ಸೇರಿಸಬೇಕಾಗುತ್ತದೆ.

ಎಸ್‌ಟ್ರೇಸ್ ನಿಧಾನವಾಗುವುದು ಸಹಜ. ಗುರಿ ಪ್ರತಿ ಸಿಸ್ಟಮ್ ಕಾಲ್‌ಗೆ ಎರಡು ಸಲ ನಿಲ್ಲುತ್ತದೆ, ಒಳಹೋಗುವಾಗ ಒಮ್ಮೆ, ಹೊರಬರುವಾಗ ಒಮ್ಮೆ. ಪ್ರತಿ ನಿಲುಗಡೆಗೂ ಗುರಿಯಿಂದ ಎಸ್‌ಟ್ರೇಸ್‌ಗೆ, ಅಲ್ಲಿಂದ ಮತ್ತೆ ಗುರಿಗೆ ಕೆಲಸ ಕೈ ಬದಲಾಗಬೇಕು. ಒಂದು ಸಣ್ಣ ರೀಡ್ ಕರೆಗೆ ನಾಲ್ಕು ಕಾಂಟೆಕ್ಸ್ಟ್ ಸ್ವಿಚ್. ಜೊತೆಗೆ ಕಾಯಲು, ರಿಜಿಸ್ಟರ್ ಓದಲು, ಬಫರ್ ಓದಲು, ಮುಂದೆ ಬಿಡಲು ಎಸ್‌ಟ್ರೇಸ್ ಮಾಡುವ ಸ್ವಂತ ಸಿಸ್ಟಮ್ ಕಾಲ್‌ಗಳು. ಕೆಲವೇ ಕರೆಗಳನ್ನು ತೋರಿಸು ಎಂದು ಫಿಲ್ಟರ್ ಕೊಟ್ಟರೂ ನಿಲ್ಲುವುದು ತಪ್ಪುವುದಿಲ್ಲ, ಮುದ್ರಣ ಮಾತ್ರ ತಪ್ಪುತ್ತದೆ. ಎಸ್‌ಟ್ರೇಸ್ 5.3ರಲ್ಲಿ ಬಂದ ಸೆಕ್‌ಕಾಂಪ್-ಬಿಪಿಎಫ್ ಆಯ್ಕೆ ಬೇಡದ ಕರೆಗಳಲ್ಲಿ ನಿಲ್ಲದಂತೆ ಮಾಡುತ್ತದೆ. ಆದರೆ ಅದು ಎಸ್‌ಟ್ರೇಸ್ ತಾನೇ ಹುಟ್ಟಿಸಿದ ಪ್ರೊಸೆಸ್‌ಗೆ ಮಾತ್ರ, ಫೋರ್ಕ್ ಹಿಂಬಾಲಿಸುವ ಆಯ್ಕೆಯ ಜೊತೆಗೆ ಮಾತ್ರ. ಜನ ಬಳಸುತ್ತಿರುವ ಸರ್ವರ್‌ಗೆ ಪರ್ಫ್ ಟ್ರೇಸ್ ಅಥವಾ ಬಿಪಿಎಫ್‌ಟ್ರೇಸ್ ಸರಿಯಾದ ಸಾಧನ. ಅವು ಕರ್ನಲ್ ಒಳಗೇ ಮಾಹಿತಿ ಬರೆದುಕೊಳ್ಳುತ್ತವೆ, ಪ್ರೊಸೆಸ್ ಅನ್ನು ನಿಲ್ಲಿಸಿ ಬೇರೆಯವರ ಕೈಗೆ ಕೊಡುವುದಿಲ್ಲ.

ನಿಮ್ಮ ಡಿಬಗ್ಗರ್‌ನಲ್ಲೂ ಸಿಸ್ಟಮ್ ಕಾಲ್ ತೋರಿಸುವ ಯೋಚನೆಯಿದ್ದರೆ ಟ್ರೇಸ್‌ಸಿಸ್‌ಗುಡ್ ಆಯ್ಕೆ ಮರೆಯಬೇಡಿ. ಅದಿಲ್ಲದೆ ಸಿಸ್ಟಮ್ ಕಾಲ್ ನಿಲುಗಡೆಯೂ ಬರೀ 5 ಎಂದೇ ಕಾಣುತ್ತದೆ, ಬ್ರೇಕ್‌ಪಾಯಿಂಟ್ ಜೊತೆ ಗೊಂದಲವಾಗುತ್ತದೆ. ಹಾಕಿದರೆ 128 ಸೇರಿ 133 ಬರುತ್ತದೆ. ಒಳಹೋಗುವ ನಿಲುಗಡೆಯಲ್ಲಿ ಕರೆಯ ಸಂಖ್ಯೆ ಇರುವುದು ಒರಿಗ್_ಆರ್‌ಎಎಕ್ಸ್‌ನಲ್ಲಿ. ಆರ್‌ಎಎಕ್ಸ್‌ನಲ್ಲಿ ಆಗ -38 ("ಅಂಥ ಕರೆ ಇಲ್ಲ" ಎಂಬ ದೋಷದ ಸಂಖ್ಯೆ) ಇರುತ್ತದೆ, ಅದನ್ನು ಫಲಿತಾಂಶವೆಂದು ಓದಬೇಡಿ. ನಾಲ್ಕನೆಯ ಆರ್ಗ್ಯುಮೆಂಟ್ ಸಾಮಾನ್ಯ ಫಂಕ್ಷನ್ ಕರೆಯಂತೆ ಆರ್‌ಸಿಎಕ್ಸ್‌ನಲ್ಲಿ ಸಿಗದು, ಆರ್10ರಲ್ಲಿ ಸಿಗುತ್ತದೆ. ಸಿಸ್ಕಾಲ್ ಸೂಚನೆ ಹಿಂದಿರುಗುವ ವಿಳಾಸವನ್ನು ಆರ್‌ಸಿಎಕ್ಸ್‌ನಲ್ಲಿ ಇಡುವುದರಿಂದ ಅದು ಖಾಲಿಯಿರುವುದಿಲ್ಲ. ಒಳಗೋ ಹೊರಗೋ ಎಂದು ನೀವೇ ಎಣಿಸುತ್ತಾ ಕೂರುವ ಬದಲು, ಕರ್ನಲ್ 5.3 ಅಥವಾ ಹೊಸದಿದ್ದರೆ ಗೆಟ್_ಸಿಸ್ಕಾಲ್_ಇನ್ಫೋ ಕೇಳಿ, ಅದೇ ಹೇಳುತ್ತದೆ.

ಇದೇ ಡಿಬಗ್ಗರ್ ಅನ್ನು ಮುಂದೆ 64 ಬಿಟ್ ರಾಸ್ಪ್‌ಬೆರಿ ಪೈ ಮೇಲೆ ಓಡಿಸುವುದಾದರೆ ಎರಡು ಜಾಗ ಬದಲಾಗುತ್ತವೆ. ಆರ್ಮ್64ರಲ್ಲಿ ಬಿಆರ್‌ಕೆ ಸೂಚನೆ 4 ಬೈಟ್, ಅದು ನಡೆದ ಮೇಲೂ ಪಿಸಿ ರಿಜಿಸ್ಟರ್ ಅದೇ ವಿಳಾಸದಲ್ಲಿ ನಿಲ್ಲುತ್ತದೆ. ಅಲ್ಲಿ 1 ಕಳೆದರೆ ಹೊಸ ದೋಷ ಹುಟ್ಟುತ್ತದೆ. ಗೆಟ್‌ರೆಗ್ಸ್ ಕೋರಿಕೆಯೂ ಅಲ್ಲಿಲ್ಲ, ಗೆಟ್‌ರೆಗ್‌ಸೆಟ್ ಬಳಸಬೇಕು. ಅದು ಎಕ್ಸ್86ರಲ್ಲೂ ನಡೆಯುವುದರಿಂದ ಈಗಲೇ ಅದರಲ್ಲಿ ಬರೆದಿಟ್ಟರೆ ಆ ಕೋರಿಕೆಯನ್ನು ಮತ್ತೆ ಬದಲಿಸಬೇಕಾಗುವುದಿಲ್ಲ.